ಮಿಸೌರಿಯಿಂದ ಮೈಸೂರಿಗೆ: ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮ ವ್ಯಾಸಂಗದ ಚರಿತ್ರೆಯ ಕೆಲವು ಎಳೆಗಳು

1951ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಬಿ.ಎ. ತರಗತಿಯ ಐಚ್ಛಿಕ ವಿಷಯಗಳ ಸಾಲಿಗೆ ಪತ್ರಿಕೋದ್ಯಮವೂ ಸೇರಿತು. ಪರಂಪರಾಗತ ಮಾನವಿಕ ವಿಷಯಗಳ ಪಂಕ್ತಿಯಲ್ಲಿ ಈ ಹೊಸ ವಿಷಯಕ್ಕೆ ಮಣೆ ಹಾಕಿಸಿದವರು ನಾಡಿಗ ಕೃಷ್ಣಮೂರ್ತಿಯವರು. ಅವರು ಅಮೆರಿಕದ ಮಿಸೌರಿ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ ಬಂದವರು. ಕನ್ನಡ ನಾಡಿನ ಪತ್ರಿಕೋದ್ಯಮ ಶಿಕ್ಷಣದ ಚರಿತ್ರೆಯನ್ನು ನಿರೂಪಿಸುವವರು ಸಾಮಾನ್ಯವಾಗಿ ಈ ಎರಡು ಸಂಗತಿಗಳನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗಿಬಿಡುತ್ತಾರೆ. ಆ ವಾಕ್ಯದಲ್ಲಿಯೇ ಸ್ವಲ್ಪ ಹೊತ್ತು ನಿಂತು, ಮಿಸೌರಿಯಲ್ಲಿ ಇದ್ದುದಾದರೂ ಏನು, ಅದರಲ್ಲಿ ಇಲ್ಲಿಗೆ ಬಂದುದೆಷ್ಟು, ಅಲ್ಲಿಯೇ ಉಳಿದುದೆಷ್ಟು ಎಂದು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಧ್ಯಕಾಲೀನ ಸಾಹಿತ್ಯದ ಹಸ್ತಪ್ರತಿಗಳ ನಡುವೆ ಬಹುಕಾಲ ಕಳೆದಿರುವ ನಮಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ಓದುಗರು ಕೇಳಬಹುದು. ನಮ್ಮನ್ನು ಇತ್ತ ಸೆಳೆದದ್ದು ಒಂದು ಹಳೆಯ ಪ್ರಶ್ನೆಯೇ. ಬರಹದ ಕೌಶಲವು ಕಲಿಸಿ ಬರುವಂಥದೇ, ಒಡನಾಡಿ ಬರುವಂಥದೇ? ಕನ್ನಡ ನಾಡಿನ ಜನ ಓದಿನ ಹಂಗಿಲ್ಲದೆಯೂ ಕಾವ್ಯಪ್ರಯೋಗದಲ್ಲಿ ಬಲ್ಲಿದರೆಂದು ಕವಿರಾಜಮಾರ್ಗಕಾರ ಹೊಗಳಿದ. ಹಾಗೆ ಹೊಗಳಿದವನೇ ಅದೇ ಜನಕ್ಕಾಗಿ ಒಂದು ಲಕ್ಷಣಗ್ರಂಥವನ್ನೂ ರಚಿಸಿದ. ನಮ್ಮ ಶಾಸನಗಳ ಕೊನೆಯಲ್ಲಿ ಪಾಠವನ್ನು ರಚಿಸಿದವನು, ಬರೆದವನು, ಕಲ್ಲಿನಲ್ಲಿ ಕಂಡರಿಸಿದ ರೂವಾರಿ ಎಂದು ಬೇರೆ ಬೇರೆ ಹೆಸರುಗಳು ಕಾಣುವುದುಂಟು. ಮೊದಲನೆಯವನ ವಿದ್ಯೆ ಶಾಸ್ತ್ರ, ಕೊನೆಯವನದು ಕಸುಬು. ಪತ್ರಿಕೆಯವನದು ಇವುಗಳಲ್ಲಿ ಯಾವುದು ಎಂಬುದೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಶ್ವವಿದ್ಯಾನಿಲಯಗಳ ಬಾಗಿಲಿಗೆ ಬಂದ ವ್ಯಾಜ್ಯ.

ಕನ್ನಡದ ಮಟ್ಟಿಗೆ ಪತ್ರಿಕೆಯು ಶಾಲೆಯಿಲ್ಲದೆಯೇ ಒಂದು ಶತಮಾನವನ್ನು ದಾಟಿತ್ತು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಕ್ರೈಸ್ತ ಧರ್ಮಶಾಸ್ತ್ರವನ್ನು ಓದಿದವನೇ ಹೊರತು ಪತ್ರಿಕಾಶಾಸ್ತ್ರವನ್ನಲ್ಲ, ಅಂತಹ ಶಾಸ್ತ್ರವೇ ಆಗ ಇರಲಿಲ್ಲ. ಪತ್ರಿಕಾಧರ್ಮವನ್ನು ಕುರಿತು ಕನ್ನಡದಲ್ಲಿ ಮೊದಲಿಗೆ ಗಂಭೀರವಾಗಿ ಚಿಂತಿಸಿ ಪುಸ್ತಕ ಬರೆದವರಲ್ಲಿ ಪ್ರಮುಖರಾದ ಡಿ.ವಿ.ಜಿ.ಯವರು ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನೂ ದಾಟಿದವರಲ್ಲ. ಹೀಗಿರುವಾಗ ಈ ವಿದ್ಯೆಗೆ ಪದವಿಯ ಮುದ್ರೆ ಏಕೆ ಬೇಕಾಯಿತು? ಇದಕ್ಕೆ ಉತ್ತರವನ್ನು ಮೈಸೂರಿನಲ್ಲಿ ಹುಡುಕುವುದಕ್ಕೆ ಮುನ್ನ, ನಾಡಿಗರು ಎಲ್ಲಿಂದ ಬಂದರೋ ಅಲ್ಲಿಗೆ ಹೋಗಬೇಕು.

ಮಿಸೌರಿ ವಿಶ್ವವಿದ್ಯಾನಿಲಯವು 1839ರಲ್ಲಿ ಸ್ಥಾಪಿತವಾದದ್ದು. ಮಿಸಿಸಿಪಿ ನದಿಯ ಪಶ್ಚಿಮಕ್ಕೆ ಸಾರ್ವಜನಿಕ ಹಣದಲ್ಲಿ ನಿಂತ ಮೊದಲ ವಿಶ್ವವಿದ್ಯಾನಿಲಯವಿದು. ಅದಿರುವ ಊರಿನ ಹೆಸರು ಕೊಲಂಬಿಯಾ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದೊಡನೆ ಇದನ್ನು ಗೊಂದಲ ಮಾಡಿಕೊಂಡಿರುವ ಬರಹಗಳನ್ನು ನಾವು ಕನ್ನಡದಲ್ಲಿಯೂ ಕಂಡಿದ್ದೇವೆ. ಪತ್ರಿಕೋದ್ಯಮದ ವಿಚಾರದಲ್ಲಿ ಈ ಎರಡೂ ಪ್ರಸಿದ್ಧವಾಗಿರುವುದರಿಂದ ಈ ತಪ್ಪು ಸಹಜವೆನ್ನಬಹುದು. ಆದರೆ ಅವೆರಡರ ಹುಟ್ಟು ತೀರ ಭಿನ್ನ. ನ್ಯೂಯಾರ್ಕಿನದು ಖಾಸಗಿ ವಿಶ್ವವಿದ್ಯಾನಿಲಯ. ಅಲ್ಲಿಯ ಪತ್ರಿಕೋದ್ಯಮ ಶಾಲೆಯು ಪತ್ರಿಕಾ ಶ್ರೀಮಂತ ಜೋಸೆಫ್ ಪುಲಿಟ್ಜರ್‌ನ ದತ್ತಿಯಿಂದ, ಅವನು ತೀರಿಕೊಂಡ ಮರುವರ್ಷ, 1912ರಲ್ಲಿ ಆರಂಭವಾಯಿತು. ಇದೇ ಪುಲಿಟ್ಜರ್ ಪತ್ರಿಕೋದ್ಯಮಿಯಾಗಿ ತಲೆಯೆತ್ತಿದ್ದು ಮಿಸೌರಿ ಪ್ರಾಂತದ ಸೇಂಟ್ ಲೂಯಿಸ್ ನಗರದಲ್ಲಿ ಎಂಬುದು ಚರಿತ್ರೆಯ ಒಂದು ಚೋದ್ಯ. ಮಿಸೌರಿಯ ಶಾಲೆ ಹುಟ್ಟಿದ್ದು ದತ್ತಿಯಿಂದಲ್ಲ, ಸಣ್ಣಪುಟ್ಟ ಊರುಗಳ ಪತ್ರಿಕಾ ಸಂಪಾದಕರ ಒತ್ತಾಯದಿಂದ. 1867ರಲ್ಲಿ ರಚಿತವಾದ ಮಿಸೌರಿ ಪತ್ರಿಕಾ ಸಂಘವು ಹಲವು ವರ್ಷ ಬೆನ್ನುಹತ್ತಿ ಈ ಶಾಲೆಯನ್ನು ಪಡೆಯಿತು. ತಮ್ಮ ಊರಿನ ಮಕ್ಕಳಿಗೆ ಬೇಸಾಯವನ್ನೂ ವೈದ್ಯವನ್ನೂ ಕಲಿಸುವ ಸರ್ಕಾರಿ ವಿಶ್ವವಿದ್ಯಾನಿಲಯವು ತಮ್ಮ ಕಸುಬನ್ನೇಕೆ ಕಲಿಸಬಾರದೆಂಬುದು ಅವರ ಸರಳ ವಾದವಾಗಿತ್ತು.

ಇದಕ್ಕೂ ಮುಂಚೆ ಪ್ರಯತ್ನಗಳು ನಡೆಯದಿರಲಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಸೋತ ಸೇನಾಪತಿ ರಾಬರ್ಟ್ ಲೀ, ತಾನು ಅಧ್ಯಕ್ಷನಾಗಿದ್ದ ಕಾಲೇಜಿನಲ್ಲಿ 1869ರ ಹೊತ್ತಿಗೆ ಮುದ್ರಣ ಕಲಿಯುವವರಿಗೆ ವಿದ್ಯಾರ್ಥಿವೇತನದ ಯೋಜನೆ ಹಾಕಿದ್ದ. ಮಿಸೌರಿಯಲ್ಲಿಯೇ 1878ರಲ್ಲಿ ಇಂಗ್ಲಿಷ್ ಪ್ರಾಧ್ಯಾಪಕ ಡೇವಿಡ್ ಮ್ಯಾಕನಲಿ ಪತ್ರಿಕೋದ್ಯಮದ ಇತಿಹಾಸವನ್ನು ಪಾಠ ಹೇಳಿದ್ದ. ಪ್ಯಾರಿಸ್ಸಿನ ಶಾಲೆಯೊಂದು 1899ರಿಂದಲೇ ತಾನು ಇದ್ದೇನೆಂದು ಹೇಳಿಕೊಳ್ಳುವುದರಿಂದ ‘ಜಗತ್ತಿನ ಪ್ರಥಮ’ ಎಂಬ ಬಿರುದಿನ ಜಗಳಕ್ಕೆ ನಾವು ಹೋಗುವುದಿಲ್ಲ. ಸಾಹಿತ್ಯಚರಿತ್ರೆಯಲ್ಲಿ ‘ಮೊದಲ’ ಕವಿಯನ್ನು ಹುಡುಕಿ ಹುಡುಕಿ ನಮಗೆ ಆ ಪದದ ಮೇಲೆ ಅಷ್ಟಾಗಿ ವಿಶ್ವಾಸ ಉಳಿದಿಲ್ಲ. ಮಿಸೌರಿಯ ಹೆಚ್ಚುಗಾರಿಕೆ ಕಾಲದ್ದಲ್ಲ, ಕ್ರಮದ್ದು.

ಆ ಕ್ರಮವನ್ನು ರೂಪಿಸಿದವನು ವಾಲ್ಟರ್ ವಿಲಿಯಮ್ಸ್. 1864ರಲ್ಲಿ ಬೂನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಚ್ಚುಕೂಟದ ಆಳಾಗಿ ಸೇರಿ, ಅಲ್ಲಿಂದ ಸಂಪಾದಕನಾಗಿ ಬೆಳೆದವನು. ಕಾಲೇಜಿನ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ಅವನು ಹತ್ತಲಿಲ್ಲ. ಆದರೂ 1908ರಲ್ಲಿ ಪತ್ರಿಕೋದ್ಯಮ ಶಾಲೆಯ ಡೀನ್ ಆದ. 1931ರಲ್ಲಿ ಇಡೀ ವಿಶ್ವವಿದ್ಯಾನಿಲಯದ ಅಧ್ಯಕ್ಷನೇ ಆದ. ಓದದೆ ಬಲ್ಲವನೊಬ್ಬ, ಓದಿ ಬಲ್ಲವರಾಗುವ ಮಾರ್ಗವನ್ನು ಕಟ್ಟಿದ. ಕವಿರಾಜಮಾರ್ಗದ ನೆನಪು ನಮಗೆ ಬಂದದ್ದು ಇದರಿಂದಲೇ.

1908ರ ಸೆಪ್ಟೆಂಬರ್ 14ರಂದು ತರಗತಿಗಳು ಆರಂಭವಾದವು. ಅದೇ ದಿನ ‘ಯೂನಿವರ್ಸಿಟಿ ಮಿಸೌರಿಯನ್’ ಪತ್ರಿಕೆಯ ಮೊದಲ ಸಂಚಿಕೆಯೂ ಹೊರಬಂದಿತು. ಪಾಠವನ್ನು ಮುಗಿಸಿ ಪತ್ರಿಕೆ ಮಾಡುವುದಲ್ಲ, ಪತ್ರಿಕೆ ಮಾಡುವುದೇ ಪಾಠ. ಈ ಪತ್ರಿಕೆ ವಿಶ್ವವಿದ್ಯಾನಿಲಯದ ಸುದ್ದಿಪತ್ರವಾಗಿರಲಿಲ್ಲ, ಊರಿನ ಪತ್ರಿಕೆಯಾಗಿತ್ತು ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ನ್ಯಾಯಾಲಯ, ಪುರಸಭೆ, ಅಂಗಡಿಬೀದಿ, ಮರಣವಾರ್ತೆ ಎಲ್ಲವನ್ನೂ ವಿದ್ಯಾರ್ಥಿಗಳೇ ವರದಿ ಮಾಡಬೇಕು. ಅನುಭವಿಗಳಾದ ಅಧ್ಯಾಪಕರು ಸಂಪಾದಕರಾಗಿ ತಿದ್ದಬೇಕು. ಊರಿನವರು ದುಡ್ಡು ಕೊಟ್ಟು ಕೊಂಡು ಓದಬೇಕು. ಹೆಸರು ತಪ್ಪಿದರೆ ಅಂಕ ಕಳೆಯುವುದು ಹಾಗಿರಲಿ, ಹೆಸರಿನ ಒಡೆಯನೇ ಮರುದಿನ ಬೆಳಿಗ್ಗೆ ಬಾಗಿಲಿಗೆ ಬರುತ್ತಾನೆ. ಇದನ್ನೇ ಮುಂದೆ ‘ಮಿಸೌರಿ ಪದ್ಧತಿ’ ಎಂದು ಕರೆದರು.

ಊರಿನಲ್ಲಿ ಆ ವೇಳೆಗೆ ಬೇರೆ ಪತ್ರಿಕೆಗಳಿದ್ದವು. ‘ಕೊಲಂಬಿಯಾ ಡೈಲಿ ಟ್ರಿಬ್ಯೂನ್’ 1901ರಲ್ಲಿಯೇ ಆರಂಭವಾಗಿತ್ತು. ಜನರ ತೆರಿಗೆಯಲ್ಲಿ ನಡೆಯುವ ವಿಶ್ವವಿದ್ಯಾನಿಲಯವು ಖಾಸಗಿ ಪತ್ರಿಕೆಯೊಡನೆ ಓದುಗರಿಗಾಗಿ, ಜಾಹೀರಾತಿಗಾಗಿ ಪೈಪೋಟಿ ನಡೆಸುವುದು ನ್ಯಾಯವೇ ಎಂಬ ತಕರಾರು ಏಳದಿರಲು ಸಾಧ್ಯವಿರಲಿಲ್ಲ. ಪತ್ರಿಕೆಯ ಪ್ರಕಾಶನದ ಹೊಣೆ ವಿಶ್ವವಿದ್ಯಾನಿಲಯದ ಬೊಕ್ಕಸದಿಂದ ಹೊರಗೆ ನಿಂತು, ಪ್ರತ್ಯೇಕ ಪ್ರಕಾಶನ ಸಂಘವೊಂದರ ಪಾಲಿಗೆ ಬಂದಿತು. ಇಂದು ‘ಕೊಲಂಬಿಯಾ ಮಿಸೌರಿಯನ್’ ಎಂಬ ಹೆಸರಿನಿಂದ ಪ್ರಕಟವಾಗುತ್ತಿರುವ ಪತ್ರಿಕೆ ನಡೆದುಬಂದಿರುವುದು ಈ ವ್ಯವಸ್ಥೆಯಲ್ಲಿಯೇ. ಆಡಳಿತದ ಈ ವಿವರ ಶುಷ್ಕವೆನಿಸಬಹುದು. ಆದರೆ ವಿಶ್ವವಿದ್ಯಾನಿಲಯದ ಕೃಪೆಯಲ್ಲಿದ್ದೂ ಅದರ ಖಾತೆಯಲ್ಲಿರದ ಪತ್ರಿಕೆ ಎಂಬ ಈ ಏರ್ಪಾಡು ನಮ್ಮ ದೃಷ್ಟಿಯಲ್ಲಿ ವಿಲಿಯಮ್ಸನ ಪತ್ರಿಕಾ ಸಂಹಿತೆಗಿಂತಲೂ ಮುಖ್ಯವಾದದ್ದು. ಪತ್ರಿಕೆ ಸಾರ್ವಜನಿಕರ ಆಸ್ತಿ, ಪತ್ರಕರ್ತ ಅದರ ಧರ್ಮದರ್ಶಿ ಎಂಬ ಆಶಯದ ಆ ಸಂಹಿತೆಯನ್ನು ಅವನು 1914ರ ಸುಮಾರಿಗೆ ರಚಿಸಿದ. ಅದು ಹಲವು ಭಾಷೆಗಳಿಗೆ ಹೋಯಿತು, ಗೋಡೆಗಳ ಮೇಲೆ ಫಲಕವಾಯಿತು. ಸಂಹಿತೆಯನ್ನು ಗೋಡೆಗೆ ಹಾಕಿಕೊಳ್ಳುವುದು ಸುಲಭ.

ಆ ಸಂಹಿತೆಯ ಪರೀಕ್ಷೆ ನಡೆದದ್ದು 1923ರ ಏಪ್ರಿಲಿನಲ್ಲಿ. ವಿಶ್ವವಿದ್ಯಾನಿಲಯದಲ್ಲಿ ಜವಾನನಾಗಿದ್ದ ಜೇಮ್ಸ್ ಸ್ಕಾಟ್ ಎಂಬ ಕಪ್ಪು ಜನಾಂಗದವನ ಮೇಲೆ, ಪ್ರಾಧ್ಯಾಪಕರೊಬ್ಬರ ಎಳೆಯ ವಯಸ್ಸಿನ ಮಗಳ ಮೇಲೆ ಹಲ್ಲೆ ನಡೆಸಿದನೆಂಬ ಆರೋಪ ಬಂದಿತು. ವಿಚಾರಣೆ ನಡೆಯುವ ಮೊದಲೇ ಗುಂಪೊಂದು ಸೆರೆಮನೆಯನ್ನು ಒಡೆದು ಅವನನ್ನು ಹೊರಗೆಳೆದು, ಕ್ಯಾಂಪಸ್ಸಿಗೆ ಸಮೀಪದ ಸೇತುವೆಯಿಂದ ನೇಣು ಹಾಕಿತು. ನೋಡಲು ನೆರೆದವರಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳೂ ಇದ್ದರು. ಬೇಡವೆಂದು ಗುಂಪನ್ನು ಬೇಡಿಕೊಂಡವರಲ್ಲಿ ಆ ಹುಡುಗಿಯ ತಂದೆಯೇ ಒಬ್ಬರು. ಆ ರಾತ್ರಿ ಸೇತುವೆಯ ಮೇಲೆ ಚಾರ್ಲ್ಸ್ ನಟರ್ ಎಂಬ ಪತ್ರಿಕೋದ್ಯಮ ವಿದ್ಯಾರ್ಥಿಯೂ ಇದ್ದ. ಅವನು ಶಾಲೆಯ ಪತ್ರಿಕೆಯ ವರದಿಗಾರ. ಕಂಡದ್ದನ್ನು ಬರೆದ, ಬರೆದದ್ದಕ್ಕೆ ನ್ಯಾಯಾಲಯದಲ್ಲಿ ಸಾಕ್ಷಿಯನ್ನೂ ನುಡಿದ. ಆರೋಪಿಯು ಊರಿನ ಪ್ರತಿಷ್ಠಿತರಲ್ಲೊಬ್ಬನಾಗಿದ್ದ. ನ್ಯಾಯದರ್ಶಿಗಳು ಅವನನ್ನು ನಿರ್ದೋಷಿಯೆಂದು ಬಿಟ್ಟರು. ಆದರೆ ಇಂದು ಆ ಘಟನೆಯ ಚರಿತ್ರೆಯನ್ನು ಬರೆಯುವವರಿಗೆ ಆಧಾರವಾಗಿ ಉಳಿದಿರುವವುಗಳಲ್ಲಿ ಆ ವಿದ್ಯಾರ್ಥಿಯ ಮಾತು ಮುಖ್ಯವಾದುದು. ಊರಿನ ಪತ್ರಿಕೆಯನ್ನೇ ಪಾಠಶಾಲೆ ಮಾಡಿಕೊಂಡಾಗ ವಿದ್ಯಾರ್ಥಿ ಏನನ್ನು ಕಲಿಯಬೇಕಾಗಿ ಬರುತ್ತದೆಂಬುದಕ್ಕೆ ಇದಕ್ಕಿಂತ ಕಠಿಣವಾದ ಉದಾಹರಣೆ ನಮಗೆ ತಿಳಿಯದು. ಪಠ್ಯಕ್ರಮದ ಯಾವ ಘಟಕದಲ್ಲಿಯೂ ಅದನ್ನು ಸೇರಿಸಲು ಬಾರದು.

ಇದೇ ಶಾಲೆ ತನ್ನ ಬಾಗಿಲನ್ನು ಯಾರಿಗೆ ತೆರೆದಿತ್ತು ಎಂಬ ಪ್ರಶ್ನೆ ಇದರ ಬೆನ್ನಿಗೇ ಬರುತ್ತದೆ. ಲುಸೀಲ್ ಬ್ಲೂಫರ್ಡ್ ಕಪ್ಪು ಜನಾಂಗದ ಪತ್ರಕರ್ತೆ. ಕಾನ್ಸಸ್ ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮದ ಪದವಿ ಪಡೆದು, ‘ಕಾನ್ಸಸ್ ಸಿಟಿ ಕಾಲ್’ ಎಂಬ ಪತ್ರಿಕೆಯಲ್ಲಿ ಹೊಣೆಯ ಸ್ಥಾನದಲ್ಲಿದ್ದವರು. 1939ರಲ್ಲಿ ಮಿಸೌರಿಯ ಸ್ನಾತಕೋತ್ತರ ತರಗತಿಗೆ ಅರ್ಜಿ ಹಾಕಿದರು. ಅರ್ಜಿಯಲ್ಲಿ ಬಣ್ಣದ ಉಲ್ಲೇಖ ಇರಲಿಲ್ಲವಾಗಿ ಅಂಚೆಯ ಮೂಲಕ ಪ್ರವೇಶ ದೊರೆಯಿತು. ಹೆಸರು ನೋಂದಾಯಿಸಲು ಸ್ವತಃ ಹೋದಾಗ ಹಿಂದಿರುಗಿಸಿದರು. ಅದರ ಹಿಂದಿನ ವರ್ಷವಷ್ಟೇ, ಇದೇ ವಿಶ್ವವಿದ್ಯಾನಿಲಯದ ಕಾನೂನು ಶಾಲೆಯ ಪ್ರವೇಶ ಕೋರಿದ್ದ ಲಾಯ್ಡ್ ಗೇನ್ಸ್ ಎಂಬ ಕಪ್ಪು ತರುಣನ ಮೊಕದ್ದಮೆಯಲ್ಲಿ, ಪ್ರಾಂತವು ತನ್ನ ಗಡಿಯೊಳಗೇ ಸಮಾನ ಶಿಕ್ಷಣ ಕೊಡಬೇಕೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತ್ತು. ಬ್ಲೂಫರ್ಡ್ ಮತ್ತೆ ಮತ್ತೆ ಅರ್ಜಿ ಹಾಕಿದರು, ಮೊಕದ್ದಮೆಗಳನ್ನು ಹೂಡಿದರು. ಇದಕ್ಕೆ ಪ್ರಾಂತವು ಕಂಡುಕೊಂಡ ಉಪಾಯ ವಿಚಿತ್ರವಾದುದು. ಕಪ್ಪು ಜನಾಂಗದವರಿಗಾಗಿಯೇ ಇದ್ದ ಲಿಂಕನ್ ವಿಶ್ವವಿದ್ಯಾನಿಲಯದಲ್ಲಿ 1942ರಲ್ಲಿ ಒಂದು ಪತ್ರಿಕೋದ್ಯಮ ಶಾಲೆಯನ್ನು ತೆರೆಯಲಾಯಿತು. ಯುದ್ಧಕಾಲದಲ್ಲಿ ವಿದ್ಯಾರ್ಥಿಗಳು ಸಾಲದೆಂಬ ಕಾರಣ ಕೊಟ್ಟು ಮಿಸೌರಿಯ ಸ್ನಾತಕೋತ್ತರ ತರಗತಿಯನ್ನು ಮುಚ್ಚಲಾಯಿತು. ಒಬ್ಬಾಕೆ ಒಳಗೆ ಬರಬಾರದೆಂದು ಮನೆಯ ಬಾಗಿಲನ್ನೇ ಹಾಕಿಕೊಂಡಂತಾಯಿತು.

1950ರಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳಿಗೆ ಮಿಸೌರಿ ವಿಶ್ವವಿದ್ಯಾನಿಲಯದ ಪ್ರವೇಶ ದೊರೆಯಿತು. ಬ್ಲೂಫರ್ಡರಿಗೆ ಪತ್ರಿಕೋದ್ಯಮ ಶಾಲೆ 1984ರಲ್ಲಿ ತನ್ನ ಗೌರವ ಪದಕವನ್ನೂ, ವಿಶ್ವವಿದ್ಯಾನಿಲಯ 1989ರಲ್ಲಿ ಗೌರವ ಡಾಕ್ಟರೇಟನ್ನೂ ಕೊಟ್ಟವು. ಅವರು ತಮ್ಮ ಪತ್ರಿಕೆಯ ಸಂಪಾದಕತ್ವವನ್ನು ದಶಕಗಳ ಕಾಲ ನಡೆಸಿ 2003ರಲ್ಲಿ ತೀರಿಕೊಂಡರು. 2015ರಲ್ಲಿ ಅದೇ ಕ್ಯಾಂಪಸ್ಸಿನಲ್ಲಿ ಜನಾಂಗಭೇದದ ವಿರುದ್ಧ ಚಳವಳಿ ಹೂಡಿದ ವಿದ್ಯಾರ್ಥಿಗಳು ತಮ್ಮ ಕೂಟದ ಹೆಸರಿನಲ್ಲಿ 1950 ಎಂಬ ಇಸವಿಯನ್ನೇ ಇರಿಸಿಕೊಂಡರು. ವಿಶ್ವವಿದ್ಯಾನಿಲಯದ ಅಧ್ಯಕ್ಷರು ರಾಜೀನಾಮೆ ಕೊಡುವವರೆಗೂ ಹೋದ ಆ ಚಳವಳಿಯಲ್ಲಿ, ವಿದ್ಯಾರ್ಥಿ ಛಾಯಾಗ್ರಾಹಕನೊಬ್ಬನನ್ನು ಚಳವಳಿಗಾರರೂ ಅವರ ಪಕ್ಷದ ಕೆಲವು ಅಧ್ಯಾಪಕರೂ ಸಿಬ್ಬಂದಿಯವರೂ ಮೈದಾನದಿಂದ ಹೊರಗೆ ತಳ್ಳಲು ನೋಡಿದರು. ಇದು ಸಾರ್ವಜನಿಕ ಸ್ಥಳ, ನಿಮಗೆ ಸೇರುವ ಹಕ್ಕಿರುವಂತೆ ನನಗೆ ಚಿತ್ರ ತೆಗೆಯುವ ಹಕ್ಕಿದೆ ಎಂಬುದು ಅವನ ವಾದ. ಮರುದಿನ ಚಳವಳಿಗಾರರು ತಮ್ಮ ತಪ್ಪನ್ನು ಕಂಡುಕೊಂಡು ಪತ್ರಕರ್ತರನ್ನು ಸ್ವಾಗತಿಸುವಂತೆ ಚೀಟಿ ಹಂಚಿದರು. ಯಾರ ಪಕ್ಷ ವಹಿಸಬೇಕೆಂದು ನಮಗೆ ಈಗಲೂ ಪೂರ್ತಿ ಸ್ಪಷ್ಟವಿಲ್ಲ. ಬಹುಕಾಲ ಹೊರಗಿರಿಸಲ್ಪಟ್ಟವರು ಕ್ಯಾಮೆರಾವನ್ನು ಸಂಶಯದಿಂದ ನೋಡಿದ್ದೂ ಅರ್ಥವಾಗುತ್ತದೆ, ಹುಡುಗ ಕದಲದೆ ನಿಂತದ್ದೂ ಅರ್ಥವಾಗುತ್ತದೆ.

ಈಗ ಪೂರ್ವದಿಕ್ಕಿಗೆ ತಿರುಗಬಹುದು. ಮಿಸೌರಿಯ ಕ್ರಮ ಏಷ್ಯಕ್ಕೆ ಬಂದದ್ದು ಮೊದಲಿಗೆ ಭಾರತಕ್ಕಲ್ಲ, ಚೀನಕ್ಕೆ. 1920ರ ದಶಕದಲ್ಲಿ ಶಾಂಘೈನ ಸೇಂಟ್ ಜಾನ್ಸ್ ವಿಶ್ವವಿದ್ಯಾನಿಲಯದಲ್ಲಿಯೂ ಪೀಕಿಂಗಿನ ಯೆನ್‌ಚಿಂಗ್ ವಿಶ್ವವಿದ್ಯಾನಿಲಯದಲ್ಲಿಯೂ ಆರಂಭವಾದ ಪತ್ರಿಕೋದ್ಯಮ ಬೋಧನೆಗೆ ಮಿಸೌರಿಯವರ ನೆರವಿತ್ತು. ಭಾರತದಲ್ಲಿ ಇದೇ ಕಾಲದ ಮೊದಲ ಪ್ರಯತ್ನದ ಮೂಲ ಬೇರೆ. 1920ರಲ್ಲಿ ಆನಿ ಬೆಸೆಂಟರು ಅಡ್ಯಾರಿನ ತಮ್ಮ ರಾಷ್ಟ್ರೀಯ ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮವನ್ನು ಕಲಿಸತೊಡಗಿದರು; ವಿದ್ಯಾರ್ಥಿಗಳು ಅವರದೇ ‘ನ್ಯೂ ಇಂಡಿಯಾ’ ಪತ್ರಿಕೆಯಲ್ಲಿ ಕೆಲಸ ಮಾಡಿ ಕಲಿಯಬೇಕಾಗಿತ್ತು. ಪತ್ರಿಕೆಯನ್ನೇ ಪಾಠಶಾಲೆ ಮಾಡುವ ಮಾತು ನಮ್ಮಲ್ಲಿಯೂ ಮೊದಲ ಹೆಜ್ಜೆಯಲ್ಲೇ ಇತ್ತೆಂಬುದು ಗಮನಾರ್ಹ. ಅದು ಕೆಲವು ವರ್ಷ ಮಾತ್ರ ಉಳಿಯಿತು. ಆಲಿಗಢದಲ್ಲಿ 1938ರಲ್ಲಿ ಆರಂಭವಾದ ಡಿಪ್ಲೊಮಾ ಎರಡೇ ವರ್ಷಕ್ಕೆ ನಿಂತಿತು. ನೆಲೆ ಕಂಡದ್ದು 1941ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ ಪಿ.ಪಿ. ಸಿಂಗರು ಕಟ್ಟಿದ ವಿಭಾಗ. ಅದರ ಕಥೆಯನ್ನು ಪ್ರತ್ಯೇಕವಾಗಿ ಬರೆಯಬೇಕು. ಆರು ವರ್ಷವಾಗುವಷ್ಟರಲ್ಲಿ ದೇಶ ಒಡೆಯಿತು. ವಿಭಾಗ ನಿರಾಶ್ರಿತರೊಡನೆ ದಿಲ್ಲಿಗೆ ಬಂದು, 1962ರಲ್ಲಿ ಚಂಡೀಗಢಕ್ಕೆ ಹೋಗಿ ನೆಲೆಸಿತು. ಮದರಾಸಿನಲ್ಲಿ 1947ರಲ್ಲಿಯೂ, ಅದರ ಬೆನ್ನಿಗೇ ಕಲ್ಕತ್ತದಲ್ಲಿಯೂ ಬೋಧನೆ ಆರಂಭವಾದವು. ಆ ಬಳಿಕ 1951ರ ಮೈಸೂರು.

ಮೈಸೂರಿನ ವೈಶಿಷ್ಟ್ಯವೆಂದರೆ, ಉಳಿದೆಡೆ ಪದವಿಯ ಅನಂತರ ಮಾಡುವ ಡಿಪ್ಲೊಮಾ ಆಗಿದ್ದ ವಿಷಯವು ಇಲ್ಲಿ ಪದವಿಯ ಒಳಗೇ ಬಂದದ್ದು. ಹದಿನೆಂಟು ಇಪ್ಪತ್ತರ ವಯಸ್ಸಿನ ವಿದ್ಯಾರ್ಥಿಯೊಬ್ಬ ಚರಿತ್ರೆಯನ್ನೂ ರಾಜ್ಯಶಾಸ್ತ್ರವನ್ನೂ ಓದುವಂತೆ ಪತ್ರಿಕೋದ್ಯಮವನ್ನೂ ಓದಬಹುದಾಯಿತು. ಮಿಸೌರಿಯಿಂದ ಬಂದ ಮುಖ್ಯ ವಿಚಾರ ನಮ್ಮ ಅಭಿಪ್ರಾಯದಲ್ಲಿ ಇದೇ: ಇದು ಉಳಿದ ವಿದ್ಯೆಗಳ ಜೊತೆ ಪಂಕ್ತಿಯಲ್ಲಿ ಕೂರತಕ್ಕ ವಿದ್ಯೆ, ಸಾರ್ವಜನಿಕ ವಿಶ್ವವಿದ್ಯಾನಿಲಯವು ಸಾಮಾನ್ಯ ವಿದ್ಯಾರ್ಥಿಗೆ ಕೊಡಬೇಕಾದ ವಿದ್ಯೆ. 1960ರಲ್ಲಿ ಮಾನಸಗಂಗೋತ್ರಿ ಸ್ಥಾಪಿತವಾಗಿ, 1970ರ ದಶಕದಲ್ಲಿ ಸ್ನಾತಕೋತ್ತರ ವ್ಯಾಸಂಗವೂ ಬಂದಿತು. ನಾಡಿಗರು 1966ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮೂಲಕ ಪ್ರಕಟಿಸಿದ ‘ಇಂಡಿಯನ್ ಜರ್ನಲಿಸಂ’ ಗ್ರಂಥವು ಅಶೋಕನಿಂದ ನೆಹರೂ ಅವರವರೆಗಿನ ವ್ಯಾಪ್ತಿಯನ್ನು ಇಟ್ಟುಕೊಂಡಿರುವುದು. ಅಶೋಕನ ಶಾಸನಗಳನ್ನು ಪತ್ರಿಕೋದ್ಯಮದ ಪ್ರಾರಂಭವೆಂದು ಎಣಿಸುವುದರಲ್ಲಿ ಉತ್ಸಾಹ ಸ್ವಲ್ಪ ಹೆಚ್ಚೆಂದು ಶಾಸನಗಳ ವಿದ್ಯಾರ್ಥಿಗಳಾದ ನಮಗೆ ತೋರುತ್ತದೆ. ಅರಸನ ಆಜ್ಞೆ ವಾರ್ತೆಯಲ್ಲ. ಆದರೆ ಹೊಸ ವಿಷಯವೊಂದಕ್ಕೆ ವಿಶ್ವವಿದ್ಯಾನಿಲಯದಲ್ಲಿ ಸ್ಥಾನ ಗಳಿಸಿಕೊಡಲು ಹೊರಟವರು ಅದಕ್ಕೊಂದು ಪ್ರಾಚೀನ ವಂಶಾವಳಿಯನ್ನು ಒದಗಿಸುವುದು ಸ್ವಾಭಾವಿಕ. ನಮ್ಮ ರಾಜವಂಶಗಳೂ ಸೂರ್ಯಚಂದ್ರರಿಂದಲೇ ಆರಂಭವಾಗುತ್ತವೆ.

ಹೊರನಾಡಿನ ಸಂಶೋಧಕರಿಗೆ ಇನ್ನೊಂದು ವಿಶ್ವವಿದ್ಯಾನಿಲಯವನ್ನು ಇಲ್ಲಿ ನೆನಪಿಸಬೇಕು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ 1954ರಲ್ಲಿ ಪತ್ರಿಕೋದ್ಯಮ ವಿಭಾಗ ಆರಂಭವಾದಾಗ ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಜಿಲ್ಲೆಗಳ ಕನ್ನಡಿಗ ವಿದ್ಯಾರ್ಥಿಗೆ ಮೈಸೂರು ಪರರಾಜ್ಯ, ಉಸ್ಮಾನಿಯಾ ಸ್ವರಾಜ್ಯ. 1918ರಲ್ಲಿ ಉರ್ದು ಮಾಧ್ಯಮದಲ್ಲಿ ಆರಂಭವಾಗಿದ್ದ ಆ ವಿಶ್ವವಿದ್ಯಾನಿಲಯ ಅಷ್ಟರಲ್ಲಿ ಇಂಗ್ಲಿಷಿಗೆ ತಿರುಗಿತ್ತು. ಎರಡು ವರ್ಷಗಳಲ್ಲಿ ರಾಜ್ಯಗಳ ಗಡಿ ಬದಲಾಗಿ ಈ ಜಿಲ್ಲೆಗಳು ಮೈಸೂರಿಗೆ ಸೇರಿದವು. ಕನ್ನಡ ಪತ್ರಿಕೋದ್ಯಮ ಶಿಕ್ಷಣದ ಚರಿತ್ರೆಯನ್ನು ಬರೆಯುವವರು ಈ ಎರಡು ವರ್ಷಗಳ ಕಡೆಗೂ ನೋಡಬೇಕು. ಅದಕ್ಕೆ ಬೇಕಾದ ಉರ್ದು, ತೆಲುಗು ಬಲ್ಲ ಕನ್ನಡ ಸಂಶೋಧಕರು ಹೈದರಾಬಾದಿನಲ್ಲಿಯೇ ಸಿಗುವುದು ಸಾಧ್ಯ. ಉಸ್ಮಾನಿಯಾದ ಆರಂಭದಲ್ಲಿಯೂ, 1952ರಲ್ಲಿ ನಾಗಪುರದ ಹಿಸ್ಲಾಪ್ ಕಾಲೇಜಿನ ವಿಭಾಗದ ಆರಂಭದಲ್ಲಿಯೂ ಅಮೆರಿಕದ ಅಧ್ಯಾಪಕರ ಪಾತ್ರವಿತ್ತು. ನಾಗಪುರದಲ್ಲಿದ್ದ ರೋಲಂಡ್ ವೂಲ್ಸ್‌ಲಿ ಸಂಪಾದಿಸಿದ ‘ಜರ್ನಲಿಸಂ ಇನ್ ಮಾಡರ್ನ್ ಇಂಡಿಯಾ’ 1953ರಲ್ಲಿ ಪ್ರಕಟವಾಗಿ, ಇಂಗ್ಲಿಷಿನ ಪಠ್ಯಗಳ ಸಾಲಿಗೆ ಸೇರಿತು. ದೇಶಭಾಷೆಯ ಪತ್ರಿಕೆಗೆ ಹೋಗಲಿರುವ ವಿದ್ಯಾರ್ಥಿ ತನ್ನ ಕಸುಬಿನ ಪರಿಭಾಷೆಯನ್ನು ಇಂಗ್ಲಿಷಿನಲ್ಲಿ ಕಲಿತು, ಕಚೇರಿಗೆ ಹೋದ ಮೇಲೆ ಅದನ್ನು ಮರೆಯಬೇಕಾದ ಸ್ಥಿತಿ ಬಂದದ್ದು ಹೀಗೆ. ಕನ್ನಡದ ಸುದ್ದಿಮನೆಯಲ್ಲಿ ತಲೆಬರಹ, ಮೊಳೆ ಜೋಡಿಸುವುದು, ಕರಡು ತಿದ್ದುವುದು ಮೊದಲಾದ ಮಾತುಗಳು ಆ ವೇಳೆಗೆ ಸಾಕಷ್ಟು ಸವೆದು ನುಣುಪಾಗಿದ್ದವು. ತರಗತಿಗೆ ಮಾತ್ರ ಅವು ಬರಲು ತಡವಾಯಿತು.

‘ಪತ್ರಿಕೋದ್ಯಮ’ ಎಂಬ ಪದವನ್ನೇ ನೋಡಬಹುದು. ಸಂಸ್ಕೃತದಲ್ಲಿ ‘ಉದ್ಯಮ’ವೆಂದರೆ ಪ್ರಯತ್ನ, ನಮ್ಮ ಕಾವ್ಯಗಳಲ್ಲಿಯೂ ಅದೇ ಅರ್ಥ. ಹೊಸಗನ್ನಡದಲ್ಲಿ ಅದು ಕೈಗಾರಿಕೆ, ಬಂಡವಾಳದ ವ್ಯವಹಾರ. ಒಂದೇ ಪದದಲ್ಲಿ ಸಾಧನೆಯೂ ವ್ಯಾಪಾರವೂ ಸೇರಿಕೊಂಡಿವೆ. ಸೂಚನೆ ಸರಿಯಾಗಿಯೇ ಇದೆ.

ಇನ್ನು ಮಿಸೌರಿಯಿಂದ ಬಾರದೆ ಉಳಿದದ್ದನ್ನು ಕುರಿತು. ತರಗತಿ ಬಂದಿತು, ಪಠ್ಯಕ್ರಮ ಬಂದಿತು, ಸಂಹಿತೆ ಬಂದಿತು. ಊರಿನ ದಿನಪತ್ರಿಕೆ ಬರಲಿಲ್ಲ. ಅದರ ಸ್ಥಾನದಲ್ಲಿ ನಮ್ಮ ವಿಭಾಗಗಳು ‘ಪ್ರಾಯೋಗಿಕ ಪತ್ರಿಕೆ’ಯನ್ನು ಇಟ್ಟುಕೊಂಡವು. ಉಸ್ಮಾನಿಯಾದ ‘ಉಸ್ಮಾನಿಯಾ ಕೊರಿಯರ್’ ಇವುಗಳಲ್ಲಿ ಹೆಸರಾದದ್ದು. ಆದರೆ ಸಾಮಾನ್ಯವಾಗಿ ಇಂತಹ ಪತ್ರಿಕೆಗಳು ತಿಂಗಳಿಗೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಬರುವಂಥವು, ಕ್ಯಾಂಪಸ್ಸಿನೊಳಗೆ ಹಂಚುವಂಥವು, ದುಡ್ಡು ಕೊಟ್ಟು ಕೊಳ್ಳುವವರಿಲ್ಲದವು. ಇದಕ್ಕೆ ಅಧ್ಯಾಪಕರನ್ನು ದೂರಿ ಪ್ರಯೋಜನವಿಲ್ಲ. ಕನ್ನಡದಲ್ಲಿ ದಿನವೂ ಕೈಯಿಂದ ಮೊಳೆ ಜೋಡಿಸಿ ಪತ್ರಿಕೆ ತರುವ ಖರ್ಚು ಒಂದು ವಿಭಾಗ ಭರಿಸುವಂಥದಾಗಿರಲಿಲ್ಲ. 1867ರ ಮುದ್ರಣ ಮತ್ತು ಪುಸ್ತಕಗಳ ನೋಂದಣಿ ಕಾಯಿದೆಯಂತೆ ಮುದ್ರಕನೂ ಪ್ರಕಾಶಕನೂ ಮ್ಯಾಜಿಸ್ಟ್ರೇಟರ ಮುಂದೆ ಘೋಷಣೆ ಮಾಡಿ ಹೆಸರು ಕೊಡಬೇಕಾಗಿತ್ತು. 2024ರಲ್ಲಿ ಹೊಸ ಕಾಯಿದೆ ಜಾರಿಗೆ ಬರುವವರೆಗೂ ಆ ಹಳೆಯ ಕಾಯಿದೆ ನಡೆದುಬಂದಿತು. ಪುರಸಭೆಯ ಲೆಕ್ಕದ ಮೇಲೆ ವಿದ್ಯಾರ್ಥಿ ಬರೆದ ವರದಿಗೆ ನ್ಯಾಯಾಲಯದಲ್ಲಿ ಹೊಣೆಯಾಗಿ ನಿಲ್ಲಬೇಕಾದವರು ವಿಶ್ವವಿದ್ಯಾನಿಲಯದ ನೌಕರರು. ಯಾವ ಕುಲಸಚಿವರು ಅದಕ್ಕೆ ಒಪ್ಪಿಯಾರು? ಪ್ರಕಾಶನಕ್ಕೆ ಪ್ರತ್ಯೇಕ ಸಂಘವೆಂಬ ಮಿಸೌರಿಯ ಶುಷ್ಕ ವಿವರ ಇಲ್ಲಿ ಬೆಲೆ ಪಡೆಯುತ್ತದೆ. ಪಠ್ಯಕ್ರಮವನ್ನು ಹಡಗಿನಲ್ಲಿ ತರಬಹುದು. ಪತ್ರಿಕೆಯನ್ನು ವಿಶ್ವವಿದ್ಯಾನಿಲಯದ ಬೊಕ್ಕಸದಿಂದ ಬೇರೆ ಮಾಡಿ ಊರಿನ ಕೈಗಿಡುವ ಏರ್ಪಾಡನ್ನು ಇಲ್ಲಿಯೇ ಕಟ್ಟಬೇಕಾಗಿತ್ತು.

1965ರಲ್ಲಿ ದಿಲ್ಲಿಯಲ್ಲಿ ಭಾರತೀಯ ಸಮೂಹ ಸಂವಹನ ಸಂಸ್ಥೆ ಸ್ಥಾಪಿತವಾದ ಕಾಲಕ್ಕೆ ಗಾಳಿ ಬೇರೆ ಕಡೆಗೆ ಬೀಸತೊಡಗಿತ್ತು. ಅಭಿವೃದ್ಧಿಗಾಗಿ ಸಂವಹನ ಎಂಬುದು ಆ ದಶಕದ ಮಂತ್ರ. ಅದರ ಮುಖ್ಯ ಪ್ರತಿಪಾದಕರಲ್ಲೊಬ್ಬನಾದ ವಿಲ್ಬರ್ ಶ್ರ್ಯಾಮ್ ಮಿಸೌರಿಯ ಪರಂಪರೆಗಿಂತ, ವಿಸ್ಕಾನ್ಸಿನ್‌ನಲ್ಲಿ ವಿಲರ್ಡ್ ಬ್ಲೈಯರ್ ಆರಂಭಿಸಿದ ಶೋಧನಾಪ್ರಧಾನ ಮಾರ್ಗಕ್ಕೆ ಹತ್ತಿರದವನು. ನಮ್ಮ ವಿಭಾಗಗಳ ಹೆಸರಿಗೂ ಕ್ರಮೇಣ ‘ಸಂವಹನ’ ಸೇರಿತು. ಅದರಿಂದ ಸಂಶೋಧನೆ ಬೆಳೆಯಿತೆಂಬುದು ನಿಜ. ವಿದ್ಯಾರ್ಥಿಗೂ ಊರಿನ ಬೀದಿಗೂ ನಡುವಣ ಅಂತರವೂ ಅದರೊಡನೆ ಬೆಳೆಯಿತೆಂದು ನಮಗೆ ತೋರುತ್ತದೆ.

ಕೆಲವು ವರ್ಷಗಳ ಹಿಂದೆ ದಕ್ಷಿಣದ ಒಂದು ವಿಭಾಗದ ಉಗ್ರಾಣದಲ್ಲಿ ಹಸ್ತಪ್ರತಿಗಳ ಸೂಚಿಯೊಂದನ್ನು ಹುಡುಕುತ್ತಿದ್ದಾಗ, ಹುರಿಯಲ್ಲಿ ಕಟ್ಟಿದ ಪ್ರಾಯೋಗಿಕ ಪತ್ರಿಕೆಗಳ ಕಟ್ಟೊಂದು ನಮ್ಮ ಕೈಗೆ ಬಂದಿತು. ಗ್ರಂಥಾಲಯ ಅವನ್ನು ರಟ್ಟು ಕಟ್ಟಿಸಿರಲಿಲ್ಲ, ಸೂಚಿಯಲ್ಲಿಯೂ ಸೇರಿಸಿರಲಿಲ್ಲ. ನಾಲ್ಕು ಪುಟದ ಕನ್ನಡ ಪತ್ರಿಕೆ. ಹೆಚ್ಚಿನವು ಸ್ವಾಗತ ಸಮಾರಂಭ, ಅತಿಥಿ ಉಪನ್ಯಾಸಗಳ ವರದಿಗಳು. ಒಂದು ಸಂಚಿಕೆಯ ಮೂರನೆಯ ಪುಟದಲ್ಲಿ ಮಾತ್ರ, ಊರಿನ ತರಕಾರಿ ಮಂಡಿಯಲ್ಲಿ ರೈತರ ಚೀಲಗಳನ್ನು ತೂಗುವಾಗ ಎಷ್ಟು ಕಡಿತವಾಗುತ್ತದೆಂದು ವಿದ್ಯಾರ್ಥಿಯೊಬ್ಬರು ಬೆಳಗಿನ ಜಾವ ನಿಂತು ಎಣಿಸಿ ಬರೆದಿದ್ದರು. ವಾಕ್ಯಗಳು ಒರಟಾಗಿದ್ದವು, ಆದರೆ ಯಾವ ತಕ್ಕಡಿ, ಎಷ್ಟು ಚೀಲ, ಕೇಳಿದಾಗ ದಲ್ಲಾಳಿ ಏನೆಂದ ಎಲ್ಲವೂ ಇತ್ತು. ಕೊನೆಗೆ, ಮಾರುಕಟ್ಟೆಯ ಅಧಿಕಾರಿಯ ಉತ್ತರವನ್ನು ಮುಂದಿನ ಸಂಚಿಕೆಯಲ್ಲಿ ಕೊಡಲಾಗುವುದೆಂದು ಬರೆದಿತ್ತು. ಕಟ್ಟಿನಲ್ಲಿ ಅದರ ಕೆಳಗಿದ್ದ ಸಂಚಿಕೆಯನ್ನು ತೆಗೆದು ನೋಡಿದೆವು. ಸಂಚಿಕೆಯ ಸಂಖ್ಯೆ ಕ್ರಮವಾಗಿಯೇ ಇತ್ತು. ತಾರೀಖು ನಾಲ್ಕು ತಿಂಗಳ ಅನಂತರದ್ದು. ನಡುವೆ ಪರೀಕ್ಷೆಗಳೂ ರಜೆಯೂ ಬಂದಿರಬೇಕು. ಹೊಸ ತಂಡದ ಹೆಸರುಗಳು ಮೊದಲ ಪುಟದಲ್ಲಿದ್ದವು. ತೂಕದ ಮಾತು ಎಲ್ಲಿಯೂ ಇರಲಿಲ್ಲ.